ಹಸಿ ಬಣ್ಣದ ಮೇಲೆ ಕುಂಕುಮ

ಯಶವಂತಪುರದ ಕಾರ್ಖಾನೆಯೊಂದರಲ್ಲಿ ಶಿವಶರಣಪ್ಪ ಲೇತ್ ಯಂತ್ರದ ಮೊಳದುದ್ದದ ಮಾದರಿಗೆ, ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್ಷಿನಿಂದ ಕೊನೆಯ ಪದರ ಬೂದುಬಣ್ಣ ಹೊಡೆದು, ಒಣಗಲಿಟ್ಟು ಊಟಕ್ಕೆ ಹೋದ. ಸಂಜೆಯ ರೈಲಿಗೆ ಅದು ದೆಹಲಿಯ ಪ್ರದರ್ಶನಕ್ಕೆ ಹೊರಡಬೇಕಿತ್ತು. ಜೊತೆಗೆ ಅವನೂ.

ಮರಳಿದಾಗ ಮಾದರಿಯ ಮೈತುಂಬ ಗಂಧ, ಕುಂಕುಮ, ಅಂಟಿಕೊಂಡ ಚೆಂಡುಹೂವಿನ ಎಸಳು.

"ಏನ್ರೀ ಸರ್ ಇದು? ಬಣ್ಣ ಇನ್ನೂ ಹಸೀ ಐತಲ್ರೀ!"

"ಆಯುಧಪೂಜೆ ಕಣಯ್ಯಾ," ಎಂದರು ಮೇಲ್ವಿಚಾರಕ ಶೇಷಗಿರಿ. "ಚಿಕ್ಕದಾದ್ರೂ ಮಷೀನೇ ತಾನೆ? ಒರೆಸಿ ಇನ್ನೊಂದ್ಸಲ ಹೊಡಿ."

ಒರೆಸಿದರೆ ಬಣ್ಣ ಕೆಂಪಾಗಿ ಕದಡಿತು. ಥಿನ್ನರ್ ಹಾಕಿ ಎಲ್ಲವನ್ನೂ ತೊಳೆದು, ಏರ್‌ಬ್ರಷ್ ಎತ್ತಿ ಗುಂಡಿ ಒತ್ತಿದ. ಬಣ್ಣ ಬರಲಿಲ್ಲ. ಅದರ ಸಣ್ಣ ಬಾಯಿಗೂ ಗಂಧ ಮೆತ್ತಿದ್ದರು. ಅದು ಮಾತ್ರ ಚೆನ್ನಾಗಿ ಒಣಗಿತ್ತು.