ಸೈಡ್‌ಕಾರಿನಲ್ಲಿ ದರ್ಜಿಯ ಹೆಂಡತಿ

ಮಂಡಿ ಆಪರೇಷನ್ ಆದ ಮೇಲೆ ದರ್ಜಿಯ ಹೆಂಡತಿಗೆ ಬೈಕಿನ ಹಿಂದೆ ಕೂರಲು ಆಗಲಿಲ್ಲ. ಅವಳಿಲ್ಲದೆ ಅಂಗಡಿಯೂ ನಡೆಯುವಂತಿರಲಿಲ್ಲ. ಗುಂಡಿ ತೂರಿಸುವ ಕಾಜ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದರ್ಜಿ ಎಲ್ಲೆಲ್ಲೋ ಹುಡುಕಿ ಒಂದೇ ಚಕ್ರದ ಪಕ್ಕದ ಸೀಟು, ಹಳೆಯ ಸೈಡ್‌ಕಾರೊಂದನ್ನು ತಂದು ಬೈಕಿನ ಎಡಕ್ಕೆ ಹಾಕಿಸಿದ.

ಮೆಕ್ಯಾನಿಕ್ ಕೊನೆಯ ಬೋಲ್ಟು ಬಿಗಿಯುತ್ತ ಹೇಳಿದ: "ಅಣ್ಣಾ, ಇದು ಇನ್ಮೇಲೆ ಬೈಕಲ್ಲ. ಬ್ರೇಕ್ ಹಾಕಿದ್ರೆ ಸೈಡ್‌ಕಾರ್ ಮುಂದಕ್ಕೆ ನುಗ್ಗುತ್ತೆ, ಗಾಡಿ ಬಲಕ್ಕೆ ಎಳೆಯುತ್ತೆ. ಜೋರಾಗಿ ಎಡಕ್ಕೆ ತಿರುಗಿಸಿದ್ರೆ ಅದರ ಚಕ್ರ ನೆಲ ಬಿಡುತ್ತೆ. ಮೊದಲು ಮೈದಾನದಲ್ಲಿ ಕಲೀರಿ."

"ಮೂವತ್ತು ವರ್ಷದಿಂದ ಓಡಿಸ್ತಿದ್ದೀನಪ್ಪ," ಎಂದ ದರ್ಜಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ನೇರ ರಸ್ತೆಯಲ್ಲಿ ಎಲ್ಲ ಸರಿಯಿತ್ತು. ಅಂಚೆ ಕಚೇರಿಯ ಬಳಿ ಎಡಕ್ಕೆ ತಿರುಗುವಾಗ ಹಳೆಯ ಅಭ್ಯಾಸದಂತೆ ಮೈ ವಾಲಿಸಿದ. ಗಾಡಿ ವಾಲಲಿಲ್ಲ. ಪಕ್ಕದ ಚಕ್ರ ಮಾತ್ರ ಹೆಂಡತಿಯ ಸಮೇತ ಮೇಲೆದ್ದಿತು. ಗಾಬರಿಯಲ್ಲಿ ಬ್ರೇಕು ಹಿಡಿದ. ಗಾಡಿ ಬಲಕ್ಕೆ ಸೆಳೆದು ಎದುರಿನ ಹಾಲಿನ ವ್ಯಾನಿನತ್ತ ಹೊರಟಿತು. ಹೆಂಡತಿ ಸೈಡ್‌ಕಾರಿನ ಎಡ ಅಂಚಿನ ಮೇಲೆ ಮೈಚೆಲ್ಲಿದಳು. ಚಕ್ರ ಧೊಪ್ಪನೆ ನೆಲಕ್ಕೆ ಬಿತ್ತು. ಗಾಡಿ ನಿಂತಾಗ ವ್ಯಾನಿಗೂ ಅವರಿಗೂ ಮಧ್ಯೆ ಒಂದು ಮಾರು ದೂರ ಉಳಿದಿತ್ತು.

"ಮನೇಲಿ ಹೇಳಿ ಬಂದಿದ್ದೀರಾ ಯಜಮಾನ್ರೇ?" ಎಂದ ವ್ಯಾನಿನವನು.

"ಮನೇಲಿರೋಳು ನಾನೇ. ಜೊತೇಲೇ ಕರ್ಕೊಂಡು ಬಂದಿದ್ದಾರೆ," ಎಂದಳು ಆಕೆ.

ದರ್ಜಿ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ರೀ, ಹೀಗಾಗುತ್ತೆ ಅಂತ ಮೆಕ್ಯಾನಿಕ್ ಹೇಳಿರಲಿಲ್ವಾ?"

"ಹೇಳಿದ್ದ."

"ನನಗೆ ಯಾಕೆ ಹೇಳಲಿಲ್ಲ?"

ಇಷ್ಟು ವರ್ಷ ಹಿಂದೆ ಕೂತವಳಿಗೆ ಯಾವ ದಾರಿ, ಎಷ್ಟು ವೇಗ ಎಂದು ಅವನು ಹೇಳಿದ್ದೇ ಇಲ್ಲ, ಅವಳೂ ಕೇಳಿರಲಿಲ್ಲ. ಬಟ್ಟೆ ತಪ್ಪಾಗಿ ಕತ್ತರಿಸಿದ್ದನ್ನು ಗಿರಾಕಿಯ ಮುಂದೆ ಒಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿ, ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಒಪ್ಪಿಸಿದ.

ಭಾನುವಾರ ಇಬ್ಬರೂ ಶಾಲೆಯ ಮೈದಾನಕ್ಕೆ ಹೋದರು. ದೂರದಿಂದಲೇ ಮೆಲ್ಲಗೆ ಬ್ರೇಕು ಹಿಡಿಯುವುದನ್ನು, ಆಗ ಹ್ಯಾಂಡಲನ್ನು ತುಸು ಎಡಕ್ಕೆ ಒತ್ತಿಡುವುದನ್ನು ಅವನು ಕಲಿತ. ಎಡ ತಿರುವಿನಲ್ಲಿ ಎಷ್ಟು ವಾಲಬೇಕೆಂದು ಅವಳು ಕಲಿತಳು.

ಈಗ ತಿರುವು ಬರುವ ಮೊದಲೇ ಅವನು "ಎಡಕ್ಕೆ" ಎನ್ನುತ್ತಾನೆ. ಒಮ್ಮೊಮ್ಮೆ ಅವಳೇ "ನಿಧಾನ ರೀ" ಎನ್ನುತ್ತಾಳೆ. ಅವನಿಗೆ ಕೊಂಚ ಮುನಿಸು ಬರುತ್ತದೆ, ಆದರೂ ವೇಗ ಇಳಿಸುತ್ತಾನೆ. ಹತ್ತು ನಿಮಿಷದ ಹಾದಿಗೆ ಕಾಲು ಗಂಟೆ ಹಿಡಿಯುತ್ತದೆ. ಅಂಗಡಿಯ ಬಾಗಿಲಲ್ಲಿ ಗಿರಾಕಿಗಳು ಕಾಯುತ್ತಾರೆ.