ಮೂರು ಕೆಂಪು ಹೊಲಿಗೆ

ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹೊನವಾಡದ ಬಸ್ಸು ವಿಜಯಪುರದವರೆಗೂ ದೀಪ ಹಾಕಿಕೊಂಡೇ ಬಂತು. ಟಿಕೋಟಾ ದಾಟಿದರೂ ದ್ರಾಕ್ಷಿ ತೋಟಗಳು ಕಾಣಲಿಲ್ಲ. ಊರೊಳಗೆ ಸಿದ್ಧೇಶ್ವರನ ಶಿಖರವೂ ಕಾಣಲಿಲ್ಲ. ಹೊಳೆವ್ವ ಅಂದಾಜಿನ ಮೇಲೆ ಆ ದಿಕ್ಕಿಗೆ ಕೈಮುಗಿದು ಅಂಗಡಿಯ ಮೆಟ್ಟಿಲು ಹತ್ತಿದಳು.

"ಅಲ್ಲೇ ನಿಂದರ, ಹಲಕಟ್ ರಂಡಿ!"

ಅಂಗಡಿಯ ಸಾವ್ಕಾರ ನಂದಕಿಶೋರ ಎಸೆದ ಅಂಗಿ ಅವಳ ಮುಖಕ್ಕೆ ಬಡಿಯಿತು. ನೀಲಿ ಅಂಗಿ. ಎದೆಯ ಮೇಲೆ ಕ್ರಿಕೆಟ್ ತಂಡವೊಂದರ ಸಿಂಹ, ಬೆನ್ನ ಮೇಲೆ ಯಾರೋ ಅಭಿಮಾನಿಯ ಹೆಸರು. ಮೊಬೈಲಿನಲ್ಲಿ ಹೆಸರು ಕಳಿಸಿದವರಿಗೆ ಇಂಥ ಅಂಗಿ ಮಾಡಿಸಿ ಮಾರುವುದು ಅವನ ಧಂದೆ. ಸುರೈಯಾ ಬಿಸಿ ಯಂತ್ರದಲ್ಲಿ ಸಿಂಹ ಒತ್ತುತ್ತಿದ್ದಳು. ಹೊಳೆವ್ವ ಅಂಚು ಹೊಲಿದು ಹೆಸರಿನ ಅಕ್ಷರ ಜೋಡಿಸುತ್ತಿದ್ದಳು.

"ತಿರುವಿ ನೋಡ. ಅಂಚಿನ್ಯಾಗ ಏನ್ ಹಾಕೀದಿ?"

ಮೂರು ಕೆಂಪು ಹೊಲಿಗೆ. ಅವಳವ್ವ ಚಿಂದಿ ಕೂಡಿಸಿ ಹೊಲಿದ ಪ್ರತಿ ಕೌದಿಗೂ ಹಾಕುತ್ತಿದ್ದಳು. ಹೊಳೆವ್ವನ ಕೈ ದಾಟಿದ ಒಂದು ಅಂಗಿಯೂ ಅದಿಲ್ಲದೆ ಹೋಗಿರಲಿಲ್ಲ.

"ತೊಟ್ಟವರಿಗೆ ದೃಷ್ಟಿ ಆಗಬಾರದಂತ್ರೀ, ಸಾವ್ಕಾರ..."

"ನಿನ್ನ ಹೆಣಾ ಎತ್ತಲಿ! ತಂಡದವ್ರು ಹತ್ತ ಅಂಗಿ ಕೊಂಡು, ತಿರುವಿ ಫೋಟೋ ಹೊಡದಾರ. ಹತ್ತರಾಗೂ ಅದ ಕೆಂಪ ದಾರ. ಸಿಂಹ ಅವ್ರು ರಿಜಿಸ್ಟರ್ ಮಾಡ್ಸ್ಯಾರ, ಕೇಳದ ಹಚ್ಚಿದ್ರ ಕೇಸು. ನೋಟೀಸ ಯಾರ ಹೆಸರಿಗೆ ಬಂದೈತಿ ಗೊತ್ತೇನ? ನಿನ್ನ ಹೆಸರಿಗೆ!"

ಪಗಾರ ಹಾಕಲು ಬೇಕೆಂದು ಹೋದ ವರ್ಷ ಅವನು ಅವಳ ಆಧಾರ್ ಕಾರ್ಡು, ಫೋಟೋ, ಹೆಬ್ಬೆಟ್ಟು ತೆಗೆದುಕೊಂಡಿದ್ದ. ಆನ್‌ಲೈನ್ ಅಂಗಡಿಯನ್ನು ಅವಳ ಹೆಸರಿನಲ್ಲೇ ತೆರೆದಿದ್ದಾನೆಂದು ಅವಳಿಗೆ ಈಗ ತಿಳಿಯಿತು.

"ನಾಳೆ ಹನ್ನೊಂದಕ್ಕ ಅವರ ವಕೀಲರು ಬರ್ತಾರ. ಎಲ್ಲಾ ನಾನ ಮಾಡೀನಿ ಅಂತ ಈ ಕಾಗದಕ್ಕ ಹೆಬ್ಬಟ್ಟ ಒತ್ತು. ಒತ್ತಿದ್ರ ನಾ ಬಿಡಿಸ್ಕೊಂಡ್ ಬರ್ತೀನಿ. ಇಲ್ಲಂದ್ರ ದರ್ಗಾ ಜೇಲಿನ್ಯಾಗ ಕೂತು ಕೌದಿ ಹೊಲಿ."

ಅವನು ಒಳಗೆ ಹೋದ ಮೇಲೆ ಸುರೈಯಾ ಪಿಸುಗುಟ್ಟಿದಳು. "ಒತ್ತಬ್ಯಾಡ ಬೇ. ಬಿಡಿಸ್ಕೊಂಡ್ ಬರ್ತಾನಂತ! ಬ್ಯಾಸಗ್ಯಾಗ ಕೊಡ್ತೀನಂದ ಫ್ಯಾನು ಇನ್ನಾ ಬರಾಕತ್ತೈತಿ."

ಹೊಳೆವ್ವನಿಗೆ ನಗು ಬರಲಿಲ್ಲ. ಸೂಜಿ ಎರಡು ಸಲ ಬೆರಳಿಗೆ ಇಳಿಯಿತು.

ಸಂಜೆಯ ಬಸ್ಸಿಗೆ ಟಿಕೋಟಾದಲ್ಲಿ ಖಾಕಿಯವನೊಬ್ಬ ಹತ್ತಿದ. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಪೊಲೀಸನಲ್ಲ, ಬಸ್ಸಿನ ತಪಾಸಣೆಯವನು; ಟಿಕೆಟ್ ಕೇಳಿದ. ಅಂಗೈ ಬೆವರಿಗೆ ಟಿಕೆಟ್ಟು ಮುದ್ದೆಯಾಗಿತ್ತು.

ಮನೆಯಲ್ಲಿ ಜೋಳದ ಚೀಲದೊಳಗೆ, ಅಂಗಿಗೆ ಒತ್ತುವ ಸಿಂಹಗಳ ಸುರುಳಿ ಇತ್ತು. 'ಇಲ್ಲಿ ಇಲಿ ಕಾಟ, ನಿನ್ನ ಮನ್ಯಾಗಿಟ್ಕೋ' ಎಂದು ಹೋದ ವಾರ ಸಾವ್ಕಾರನೇ ಕೊಟ್ಟಿದ್ದ.

"ಹೊಲದಾಗ ಹೂತು ಬರ್ಲೇನ?" ಗಂಡ ತುಕಾರಾಮ ಚೀಲದ ಬಾಯಿ ಬಿಗಿಯುತ್ತ ಕೇಳಿದ.

"ಹೂತದ್ದು ನಾಯಿ ಕೆದರ್ತಾವ. ಸುಮ್ಕಿರ್ರಿ."

ದೇವರ ಮುಂದೆ ದೀಪ ಹಚ್ಚಿ ಕೌದಿಯ ಮೇಲೆ ಕುಸಿದು ಕುಳಿತಳು. ಅಲ್ಲಿ ಕೌದಿಯ ಬಿಳಿ ತೇಪೆಗಳ ಮೇಲಿನ ಬರಹ ಕಣ್ಣಿಗೆ ಬಿತ್ತು. ಸಿಂಹಗಳ ಸುರುಳಿ ಪ್ರತಿ ಸಲ ಬಿಳಿ ಬಟ್ಟೆಯಲ್ಲಿ ಹೊಲಿದ ಪಾರ್ಸಲ್ಲಾಗಿ ಬರುತ್ತಿತ್ತು. ಸಾವ್ಕಾರ ಬಿಸಾಡಿದ ಆ ಬಟ್ಟೆಗಳನ್ನು ಅವಳು ತಂದು ಕೌದಿಗೆ ಸೇರಿಸಿದ್ದಳು. ಅವಳ ಮನೆಯಲ್ಲಿ ಚಿಂದಿ ಬಿಸಾಡುವ ಪದ್ಧತಿಯಿಲ್ಲ. ಪಾರ್ಸಲ್ಲಿನ ಮೇಲೆ ಬರೆದ ನೀಲಿ ವಿಳಾಸ ಇನ್ನೂ ಅಳಿಸಿರಲಿಲ್ಲ.

ಅವಳಿಗೆ ಓದು ಬಾರದು. ಆದರೆ ಎರಡು ವರ್ಷ, ದಿನವಿಡೀ, ಚೀಟಿಯ ಮೇಲಿನ ಇಂಗ್ಲಿಷ್ ಅಕ್ಷರದ ಆಕಾರ ನೋಡಿ ಅಂಥದ್ದನ್ನೇ ಹುಡುಕಿ ಜೋಡಿಸಿದ ಕಣ್ಣು ಅದು. ಎರಡು ಕಂಬ, ನಡುವೆ ಓರೆ ದಾರ. ಪಕ್ಕದಲ್ಲಿ ಗುಡಿಸಲಿನ ಚಾವಣಿ. ಮತ್ತೆ ಅದೇ ಎರಡು ಕಂಬ. ಅಂಗಡಿಯ ಹಲಗೆಯ ಮೇಲೆ ದಿನಾ ನೋಡುವ, ಸಾವ್ಕಾರನ ಹೆಸರಿನ ಸಾಲೇ ಇದು.

ಅವಳು ಹೊಲಿಗೆ ಬಿಚ್ಚತೊಡಗಿದಳು. ನಾಲ್ಕು ಬಟ್ಟೆ. ಕೌದಿಯಲ್ಲಿ ನಾಲ್ಕು ತೂತು ಉಳಿದವು.

ಮರುದಿನ ಹನ್ನೊಂದಕ್ಕೆ ತಂಡದ ವಕೀಲೆ ಪೂರ್ವಾ ಬಂದು ಕುರ್ಚಿಯಲ್ಲಿ ಕುಳಿತಿದ್ದಳು. ನಂದಕಿಶೋರ ತಾನೇ ಚಹಾ ತಂದುಕೊಟ್ಟ.

"ನಾ ಬರೇ ಜಾಗಾ ಬಾಡಿಗಿ ಕೊಟ್ಟೀನ್ರಿ ಮೇಡಂ. ಧಂದೆ ಎಲ್ಲಾ ಈಕೀದು. ಓದು ಬರಹ ಇಲ್ಲದ ಅಡಾಣಿ ಮಂದಿ, ಏನ್ ಮಾಡೂದು." ಶಾಯಿಯ ಡಬ್ಬಿ ತೆರೆದ. "ಬಾ ಬೇ, ಒತ್ತು."

ಹೊಳೆವ್ವ ಮುಂದೆ ಬಂದಳು. ಶಾಯಿಯನ್ನು ದಾಟಿ ಹೋಗಿ, ಮಡಿಲಿನ ಗಂಟು ಬಿಚ್ಚಿ, ಸಿಂಹಗಳ ಸುರುಳಿಯನ್ನು ವಕೀಲೆಯ ಕೈಗಿಟ್ಟಳು.

"ಸಿಂಹ ನಿಮ್ಮದಂತ್ರೀ ಯವ್ವಾ. ನಿಮ್ಮದು ನಿಮಗ. ಇವು, ಸಿಂಹ ಸುತ್ತಿ ಬಂದ ಅರಿವಿ." ನಾಲ್ಕು ಬಟ್ಟೆಗಳನ್ನು ಒಂದೊಂದಾಗಿ ಹರವಿದಳು. "ಕೆಂಪು ದಾರ ನಂದು. ಅದನ್ನ ಇಲ್ಲ ಅನ್ನಂಗಿಲ್ಲ."

ನಂದಕಿಶೋರನ ಕೈ ಬಟ್ಟೆಯತ್ತ ಚಾಚಿತು. ಯಂತ್ರದ ಬಳಿಯಿಂದ ಸುರೈಯಾ ಎದ್ದು ನಿಂತಳು. ಚಾಚಿದ ಕೈ ಅಲ್ಲೇ ನಿಂತಿತು.

ಪೂರ್ವಾ ಬಟ್ಟೆಯ ಮೇಲಿನ ಹೆಸರು ಓದಿದಳು. ಬಾಗಿಲಿಗೆ ಹೋಗಿ, ತಲೆಯೆತ್ತಿ ಮೇಲಿನ ಹಲಗೆ ನೋಡಿದಳು. ನಾಲ್ಕೂ ಬಟ್ಟೆ ಮಡಚಿ ತನ್ನ ಚೀಲಕ್ಕೆ ಸೇರಿಸಿದಳು.

ಶಾಯಿ ಡಬ್ಬಿಯಲ್ಲಿ ಒಣಗುತ್ತಿತ್ತು. ಹೊಳೆವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನಿಂತಿದ್ದಳು.