ಹೊಂಡಕ್ಕೆ ಬಿದ್ದ ಮಂತೊ

ಮೊಮ್ಮಗಳು ಯಾಚಿನ್‌ಗೆ ನಮ್ಮ ಹಳೆಯ ಊರಿನ ಮ್ಯೂಸಿಯಂನಲ್ಲಿ ಗೈಡ್ ಕೆಲಸ ಸಿಕ್ಕಿ ಇನ್ನೂ ತಿಂಗಳಾಗಿರಲಿಲ್ಲ. ಖಾಯಂ ಆಗಬೇಕಾದರೆ ಅವತ್ತು ಮ್ಯೂಸಿಯಂ ಮುಖ್ಯಸ್ಥೆ ದುವಾನ್ ಮೇಡಂ ಎದುರು ಒಂದು ಗುಂಪನ್ನು ಸುತ್ತಾಡಿಸಿ ತೋರಿಸಬೇಕಿತ್ತು. ನಾನೂ ನನ್ನ ಹೆಂಡತಿ ಚಿಯಾವ್‌ಯುನ್‌ಳೂ ಆ ಗುಂಪಿನ ಹಿಂದೆ ಸೇರಿಕೊಂಡೆವು.

"ತಾತ, ನೀವಂತೂ ಬಾಯೇ ಬಿಡ್ಬೇಡಿ" ಎಂದು ಹುಡುಗಿ ಮೊದಲೇ ಹೇಳಿದ್ದಳು. ನನ್ನ ಬಾಯಿಯ ವಿಷಯ ಲೋ ನದಿಯ ಎರಡೂ ದಡಕ್ಕೆ ಗೊತ್ತು. ಆದರೆ ಎಡವಟ್ಟು ಮಾಡಿದ್ದು ನನ್ನ ಬಾಯಲ್ಲ.

ಆ ಮ್ಯೂಸಿಯಂ ಇರುವುದು ನಾವು ಹಿಂದೆ ಗೋಧಿ ಬೆಳೆಯುತ್ತಿದ್ದ ಹೊಲದಲ್ಲಿ. ಅಗೆದ ಹೊಂಡದ ಮೇಲೇ ಚಾವಣಿ ಹಾಕಿ ಸುತ್ತ ಕಂಬಿ ಕಟ್ಟಿದ್ದಾರೆ. ಕೆಳಗೆ ಒಬ್ಬ ಹೆಂಗಸು, ಮಗ್ಗುಲಲ್ಲಿ ಕೂಸು, ಸಾವಿರಾರು ವರ್ಷದ ಎಲುಬುಗಳು. ಅವತ್ತು ಸಮಾಧಿ ಗುಡಿಸುವ ಹಬ್ಬದ ಹಿಂದಿನ ದಿನ ಬೇರೆ. ಊರಿನವರೆಲ್ಲ ಸತ್ತವರಿಗೆ ಎಡೆ ಇಡುವ ಸಮಯ.

"ಮೇಲೊಂದು ಹಿಡಿ ಮಣ್ಣೂ ಇಲ್ವಲ್ಲೇ ತಾಯಿ" ಎನ್ನುತ್ತ ಚಿಯಾವ್‌ಯುನ್ ಚೀಲಕ್ಕೆ ಕೈ ಹಾಕಿದಳು.

"ಏಯ್, ಸುಮ್ನಿರೇ!"

"ಹೆತ್ತವಳು ಕಣ್ರೀ. ಹಸಿದಿರ್ತಾಳೆ."

ನಾನು ತಡೆಯುವಷ್ಟರಲ್ಲಿ, ಬೆಳಿಗ್ಗೆ ಆವಿಯಲ್ಲಿ ಬೇಯಿಸಿದ ದುಂಡನೆಯ ಹಿಟ್ಟಿನ ಬನ್ನು, ನಮ್ಮ ಮಂತೊ, ಕಂಬಿ ದಾಟಿ, ಪುಟಿದು, ಕೂಸಿನ ಬುರುಡೆಯ ಪಕ್ಕದಲ್ಲಿ ಹೋಗಿ ಕೂತಿತು. ಅಲಾರಂ ಹೊಡೆದುಕೊಂಡಿತು. ಇವಳು ಅದರ ಪರಿವೆಯೇ ಇಲ್ಲದೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದಳು.

ಕಾವಲಿನವನು ಓಡಿಬಂದು ಅವಳ ತೋಳು ಹಿಡಿದ. "ಯಾರ ಕಡೆಯವರು ಈ ಅಜ್ಜಿ? ಯಾಚಿನ್, ನಿಂಗೆ ಗೊತ್ತಾ?" ಎಂದರು ದುವಾನ್ ಮೇಡಂ.

ಹುಡುಗಿಯ ಕಿವಿ ಕೆಂಪಾದವು. "ಗೊತ್ತಿಲ್ಲ ಮೇಡಂ. ಯಾರೋ."

ನಾನೇನು ಮಾಡಿದೆ? ಮಡಕೆ ಚೂರುಗಳ ಗಾಜಿನ ಪೆಟ್ಟಿಗೆಯ ಕಡೆ ತಿರುಗಿ, ಹುಟ್ಟಿದಾಗಿನಿಂದ ಮಡಕೆಯನ್ನೇ ಕಾಣದವನ ಹಾಗೆ ನೋಡುತ್ತ ನಿಂತೆ.

ಚಿಯಾವ್‌ಯುನ್ ಮೊಮ್ಮಗಳನ್ನೊಮ್ಮೆ, ನನ್ನ ಬೆನ್ನನ್ನೊಮ್ಮೆ ನೋಡಿದಳಂತೆ. ಆಮೇಲೆ, "ನಾನೊಬ್ಳೇ ಬಂದಿದ್ದಮ್ಮ. ಈ ಹುಡುಗಿ ಯಾರೋ ನಂಗೂ ಗೊತ್ತಿಲ್ಲ" ಎಂದಳು. ಕಾವಲಿನವನು ಅವಳನ್ನು ಗೇಟಿನ ಪಕ್ಕದ ಕೋಣೆಗೆ ಕರೆದೊಯ್ದ.

"ಈ ತಾಯಿ..." ಎಂದು ಯಾಚಿನ್ ವಿವರಣೆ ಮುಂದುವರಿಸಲು ಹೋದಳು. ಅಲ್ಲಿಗೇ ನಿಲ್ಲಿಸಿದಳು. ಮೈಕನ್ನು ಮೇಡಂ ಕೈಗೆ ತುರುಕಿ ಗೇಟಿನತ್ತ ಓಡಿದಳು. ಮೇಡಂ ಅವಳ ಹಿಂದೆ, ನಾನು ಮೇಡಂ ಹಿಂದೆ.

"ಇವರು ನಮ್ಮಜ್ಜಿ, ಮೇಡಂ."

"ಯಾರಜ್ಜಿ? ತಲೆಗಿಲೆ ಕೆಟ್ಟಿದ್ಯಾ ಈ ಹುಡುಗೀಗೆ? ಹೋಗಮ್ಮ, ನಿನ್ ಕೆಲ್ಸ ನೋಡ್ಕೋ!" ಎಂದು ಗದರಿದಳು ಚಿಯಾವ್‌ಯುನ್.

"ಸಾಕು ಅಜ್ಜಿ!"

ಮೇಡಂ ನನ್ನತ್ತ ತಿರುಗಿದರು. "ತಾತ, ನೀವಾದ್ರೂ ನಿಜ ಹೇಳಿ."

ಬಾಯಿ ಬಿಟ್ಟರೆ ಕೊಂದೇನು ಎನ್ನುವಂತೆ ಚಿಯಾವ್‌ಯುನ್ ನೋಡಿದಳು.

"ಇಬ್ರೂ ನಮ್ಮವರೇ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮೇಡಂ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. "ಆಗ್ಲೇ ಹೇಳಿದ್ರೆ ಮಂತೊ ತೆಗೆಸಿ ಸುಮ್ನಾಗ್ತಿದ್ದೆ. ಸ್ವಂತ ಅಜ್ಜೀನೇ ಗೊತ್ತಿಲ್ಲ ಅಂದವಳನ್ನ ಜನರ ಮುಂದೆ ಹೇಗಮ್ಮಾ ನಿಲ್ಲಿಸ್ಲಿ?" ಯಾಚಿನ್ ತಾನೇ ಬ್ಯಾಡ್ಜ್ ಬಿಚ್ಚಿ ಕೊಟ್ಟಳು. ಮರುದಿನದಿಂದ ಅವಳಿಗೆ ಬಂದವರ ಚೀಲ ಇಟ್ಟುಕೊಳ್ಳುವ ಕೌಂಟರಿನ ಕೆಲಸ.

"ಅಳ್ಬೇಡ್ವೇ. ಕೂತ್ಕೊಂಡು ಮಾಡೋ ಕೆಲ್ಸ, ಕಾಲು ನೋಯಲ್ಲ" ಎಂದು ಚಿಯಾವ್‌ಯುನ್ ಹುಡುಗಿಯ ಕೆನ್ನೆ ಒರೆಸಿದಳು. ನಾನು ಚೀಲ ಹಿಡಿಯಲು ಹೋದರೆ ಕಸಿದುಕೊಂಡು ಗೇಟು ದಾಟಿದಳು.

ಬಸ್ಸಿನಲ್ಲಿ ನಮ್ಮ ನಿಲ್ದಾಣ ಬಂತು, ಹೋಯಿತು. ಕೂಗಿ ನಿಲ್ಲಿಸುವವನು ಯಾವಾಗಲೂ ನಾನೇ. ಅವತ್ತು ಕೂಗಲಿಲ್ಲ. ಮುಂದಿನ ನಿಲ್ದಾಣದಲ್ಲಿಳಿದು, ಚಿಯಾವ್‌ಯುನ್ ಮುಂದೆ ನಾನು ಹಿಂದೆ, ಹೊಲದ ಬದುವಿನ ಮೇಲೆ ನಡೆದುಬಂದೆವು. ಎದುರಾದ ನೆರೆಯವನು ಮ್ಯೂಸಿಯಂ ಹೇಗಿದೆ ಎಂದು ಕೇಳಿದ.

"ದೊಡ್ಡದಾಗಿದೆ" ಎಂದೆ.